ಚಪ್ಪರದವರು ಬೇರೆ, ಹೂವಿನವರು ಬೇರೆ: ಲಿನಕ್ಸ್ ಡೆಸ್ಕ್‌ಟಾಪಿನ ಅಲಂಕಾರ

ಮೊದಲು ಈ ಪರದೆ ನೋಡಿ. ಪ್ರೊಜೆಕ್ಟರಿನಲ್ಲಿ ಬಣ್ಣ ಪೇಲವವಾಗಿ ಕಾಣುತ್ತಿದೆ, ಪರವಾಗಿಲ್ಲ. ಇದು ನನ್ನ ಲ್ಯಾಪ್‌ಟಾಪು. ಇದರಲ್ಲಿರುವುದು ಲಿನಕ್ಸ್ ಮಿಂಟ್, ಅಂದರೆ ವಿಂಡೋಸ್ ಬದಲಿಗೆ ಹಾಕಿಕೊಳ್ಳುವ ಲಿನಕ್ಸಿನ ಒಂದು ಸಿದ್ಧ ರೂಪ, ಇಂಥದ್ದಕ್ಕೆ ಡಿಸ್ಟ್ರೋ ಅಂತಾರೆ. ಅದರಲ್ಲಿ ಪರದೆಯ ವಿಂಡೋ, ಮೆನು ಎಲ್ಲ ನೋಡಿಕೊಳ್ಳುವ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. ಈಗ ಸೆಟ್ಟಿಂಗ್ಸ್‌ಗೆ ಹೋಗಿ, ಅಪಿಯರೆನ್ಸ್ ತೆರೆದು, ಪಟ್ಟಿಯಲ್ಲಿರುವ ಒಂದು ಕಪ್ಪು ಥೀಮ್ ಒತ್ತುತ್ತೇನೆ. ನೋಡಿದಿರಾ? ವಿಂಡೋ ಒಳಗೆಲ್ಲ ಕಪ್ಪಾಯಿತು. ಬಟನ್ ಕಪ್ಪು, ಮೆನು ಕಪ್ಪು. ಆದರೆ ಮೇಲಿನ ಟೈಟಲ್ ಬಾರ್ ಬಿಳಿಯಾಗೇ ಉಳಿಯಿತು. ಫೋಲ್ಡರಿನ ಚಿತ್ರಗಳೂ ಹಳೆಯವೇ. ಮೌಸ್ ಬಾಣವೂ ಹಳೆಯದೇ. ಹೊಸ ಆವೃತ್ತಿಯಲ್ಲಿ ಟೈಟಲ್ ಬಾರನ್ನೂ ಜೊತೆಗೆ ಬದಲಿಸು ಅನ್ನುವ ಒಂದು ಟಿಕ್ ಇದೆ. ನಿಮಗೆ ತೋರಿಸಬೇಕು ಅಂತಲೇ ಅದನ್ನು ತೆಗೆದು ಬಂದಿದ್ದೇನೆ.

ಹೊಸಬರು ಇಲ್ಲೇ ಎಡವುವುದು. ಥೀಮ್ ಹಾಕಿದೆ ಸರ್, ಅರ್ಧ ಬಂತು, ಅರ್ಧ ಬರಲಿಲ್ಲ, ಥೀಮ್ ಕೆಟ್ಟಿದೆ ಅನಿಸುತ್ತೆ ಅಂತಾರೆ. ಥೀಮ್ ಕೆಟ್ಟಿಲ್ಲ. ನಮ್ಮ ಕಡೆ ಮದುವೆ ಮನೆ ನೆನಪಿಸಿಕೊಳ್ಳಿ. ಚಪ್ಪರ ಹಾಕುವವರು ಒಬ್ಬರು, ಹೂವಿನವರು ಇನ್ನೊಬ್ಬರು, ಲೈಟಿನವರು ಮತ್ತೊಬ್ಬರು, ವಾಲಗದವರು ಬೇರೆ. ಚಪ್ಪರದವನ ಹತ್ತಿರ ಹೋಗಿ ಹಳದಿ ಬಟ್ಟೆ ಬೇಡ, ಕೆಂಪು ಹಾಕಪ್ಪ ಅಂದರೆ ಅವನು ಹಾಕುತ್ತಾನೆ. ಹೂವಿನವನಿಗೆ ಅದು ಗೊತ್ತೇ ಆಗುವುದಿಲ್ಲ, ಅವನು ಹಳದಿ ಸೇವಂತಿಗೆಯನ್ನೇ ತಂದು ಸುರಿಯುತ್ತಾನೆ. ಲಿನಕ್ಸ್ ಡೆಸ್ಕ್‌ಟಾಪ್ ಕೂಡ ಹಾಗೇ. ನಿಮ್ಮ ಕಣ್ಣಿಗೆ ಒಂದೇ ಚಿತ್ರ. ಬಿಡಿಸುತ್ತಿರುವವರು ಐದಾರು ಜನ. ಯಾರು ಏನು ಬಿಡಿಸುತ್ತಾರೆ ಅಂತ ತಿಳಿದುಬಿಟ್ಟರೆ ಉಳಿದದ್ದೆಲ್ಲ ಸುಲಭ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ, ಇನ್ನೆಲ್ಲ ಅದರ ಸುತ್ತಲಿನ ಕತೆ.

ಹೀಗೆ ಯಾಕಾಯಿತು ಅಂತ ಸ್ವಲ್ಪ ಹಿಂದಕ್ಕೆ ಹೋಗೋಣ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ, ಮುಂದೆ ಲಿನಕ್ಸ್ ಡೆಸ್ಕ್‌ಟಾಪಿನ ಅಡಿಪಾಯವಾದ ಎಕ್ಸ್ ವಿಂಡೋ ಸಿಸ್ಟಮ್ ಶುರುವಾಯಿತು. ಅದನ್ನು ಕಟ್ಟಿದವರ ಹಟ ಒಂದೇ: ಚಿತ್ರ ಬರೆಯುವ ಸಾಧನ ಮಾತ್ರ ನಾವು ಕೊಡುತ್ತೇವೆ, ಬಟನ್ ಹೇಗಿರಬೇಕು, ಮೆನು ಎಲ್ಲಿರಬೇಕು ಅನ್ನುವ ತೀರ್ಮಾನ ನಮ್ಮದಲ್ಲ. ಒಳ್ಳೆಯ ಹಟವೇ. ಅದಕ್ಕೇ ಇಷ್ಟು ವರ್ಷ ಬಾಳಿತು. ಆದರೆ ಅದರ ಫಲವಾಗಿ ಒಂದೊಂದು ಪ್ರೋಗ್ರಾಮೂ ಒಂದೊಂದು ವೇಷ ಹಾಕಿಕೊಂಡು ಬಂತು. ಒಂದರಲ್ಲಿ ಸ್ಕ್ರೋಲ್ ಬಾರ್ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. 1996ರ ಅಕ್ಟೋಬರಿನಲ್ಲಿ ಜರ್ಮನಿಯ ವಿದ್ಯಾರ್ಥಿ ಮಥಿಯಾಸ್ ಎಟ್ರಿಚ್ ಇದರ ಬಗ್ಗೆಯೇ ಗೊಣಗಿ ಒಂದು ಪತ್ರ ಹಾಕಿದರು. ಒಂದು ಪ್ರೋಗ್ರಾಮ್ ಇದ್ದಂತೆ ಇನ್ನೊಂದಿಲ್ಲ, ಎಲ್ಲಕ್ಕೂ ಒಂದೇ ನೋಟ ಕೊಡೋಣ ಬನ್ನಿ ಅಂತ. ಅದೇ ಕೆಡಿಇ ಎಂಬ ಡೆಸ್ಕ್‌ಟಾಪ್ ಆಯಿತು. ಅದು ನಿಂತಿದ್ದು ಕ್ಯೂಟಿ ಎಂಬ ಟೂಲ್‌ಕಿಟ್ ಮೇಲೆ, ಅಂದರೆ ಬಟನ್, ಮೆನು ಬಿಡಿಸಿಕೊಡುವ ಸಿದ್ಧ ಸಾಮಾನಿನ ಮೇಲೆ. ಆಗ ಕ್ಯೂಟಿಯ ಲೈಸೆನ್ಸ್ ಪೂರ್ತಿ ಮುಕ್ತವಾಗಿರಲಿಲ್ಲ. ಆ ತಕರಾರಿನಿಂದಲೇ 1997ರಲ್ಲಿ ಮಿಗೆಲ್ ಡಿ ಇಕಾಝಾ ಮತ್ತು ಫೆಡೆರಿಕೊ ಮೆನಾ ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪ್ ಶುರು ಮಾಡಿದರು. ಅವರು ಆರಿಸಿಕೊಂಡದ್ದು ಜಿಟಿಕೆ. ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶಕ್ಕೆಂದು ಮಾಡಿದ ಟೂಲ್‌ಕಿಟ್ ಅದು.

ಎಲ್ಲಕ್ಕೂ ಒಂದೇ ನೋಟ ಬೇಕು ಅಂತ ಹೊರಟವರು ಕೊನೆಗೆ ಎರಡು ನೋಟ ಮಾಡಿಟ್ಟರು. ಹಳ್ಳಿಯಲ್ಲಿ ಜಗಳ ಬಿಡಿಸಲು ಹೋದವರು ಇನ್ನೊಂದು ಪಾರ್ಟಿ ಕಟ್ಟಿದ ಹಾಗೆ. ಇವತ್ತಿಗೂ ಕ್ಯೂಟಿಯ ಪ್ರೋಗ್ರಾಮು ಜಿಟಿಕೆ ಡೆಸ್ಕ್‌ಟಾಪಿಗೆ ಬಂದರೆ ಬೇರೆ ಊರಿನ ನೆಂಟರ ಹಾಗೆ ಕಾಣುತ್ತದೆ.

ನಾನು ಇದಕ್ಕೆ ಬಿದ್ದದ್ದು ಹಾಸ್ಟೆಲಿನಲ್ಲಿ. ಆಗ ಉಬುಂಟು ಅನ್ನುವ ಡಿಸ್ಟ್ರೋದ ಸೀಡಿಯನ್ನು ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿದ್ದರು. ಶಿಪ್‌ಇಟ್ ಅಂತ, 2011ರಲ್ಲಿ ನಿಲ್ಲಿಸಿದರು. ಪೋಸ್ಟ್‌ಮ್ಯಾನ್ ವಿದೇಶದ ಲಕೋಟೆ ತಂದುಕೊಟ್ಟ ದಿನ ನನಗೆ ಹಾಸ್ಟೆಲಿನಲ್ಲಿ ಭಾರಿ ಮರ್ಯಾದೆ. ಒಳಗೆ ಕಂದು ಬಣ್ಣದ ಡೆಸ್ಕ್‌ಟಾಪು. ಹೌದು, ಆಗ ಉಬುಂಟು ಕಂದು. 2010ರಲ್ಲಿ ನೇರಳೆಗೆ ತಿರುಗಿತು, ಆ ಸಲವೇ ವಿಂಡೋ ಮುಚ್ಚುವ ಬಟನ್ನನ್ನು ಎಡಕ್ಕೆ ತಂದು ಎಲ್ಲರ ಬೈಗುಳ ತಿಂದಿತು. ಪಕ್ಕದ ರೂಮಿನವನು ಕಾಂಪಿಜ್ ಅನ್ನುವ ಪ್ರೋಗ್ರಾಮ್ ಹಾಕಿಕೊಂಡು ಡೆಸ್ಕ್‌ಟಾಪನ್ನು ಘನದ ಹಾಗೆ ಗರಗರ ತಿರುಗಿಸಿ ತೋರಿಸಿದ. ವಿಂಡೋ ಹಿಡಿದೆಳೆದರೆ ಜೆಲ್ಲಿಯ ಹಾಗೆ ಅಲ್ಲಾಡುತ್ತಿತ್ತು. ನಾನು ಎರಡು ರಾತ್ರಿ ನಿದ್ದೆಗೆಟ್ಟು ಅದನ್ನು ನನ್ನ ಕಂಪ್ಯೂಟರಿನಲ್ಲೂ ತಿರುಗಿಸಿದೆ. ಸೆಮಿಸ್ಟರ್ ಪರೀಕ್ಷೆ ಆ ವಾರವೇ ಇತ್ತು, ಆ ವಿಷಯ ಬೇಡ.

ಸರಿ, ಈಗ ಒಂದು ಥೀಮ್ ಫೋಲ್ಡರನ್ನೇ ಬಿಚ್ಚಿ ನೋಡೋಣ. ನಿಮ್ಮ ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ 'ಥೀಮ್ಸ್' ಅನ್ನುವ ಫೋಲ್ಡರ್ ಇರುತ್ತದೆ, ಇಲ್ಲದಿದ್ದರೆ ನೀವೇ ಮಾಡಿಕೊಳ್ಳಬಹುದು. ಚುಕ್ಕೆ ಇರುವುದರಿಂದ ಅದು ಅಡಗಿರುತ್ತದೆ, ಕಂಟ್ರೋಲ್ ಹಿಡಿದು ಎಚ್ ಒತ್ತಿದರೆ ಕಾಣುತ್ತದೆ. ಇಳಿಸಿಕೊಂಡ ಥೀಮನ್ನು ಬಿಚ್ಚಿ ಇಲ್ಲಿಗೆ ಹಾಕಿದರೆ ಆಯಿತು. ಅಡ್ಮಿನ್ ಪಾಸ್‌ವರ್ಡೂ ಬೇಡ. ಈಗ ಒಳಗೆ ನೋಡಿ: ಜಿಟಿಕೆ 2, ಜಿಟಿಕೆ 3, ಜಿಟಿಕೆ 4, ಎಕ್ಸ್‌ಎಫ್‌ಡಬ್ಲ್ಯೂಎಂ 4, ಗ್ನೋಮ್ ಶೆಲ್, ಸಿನಮನ್. ಮದುವೆ ಮನೆಯ ಹಾಗೆ, ಪರದೆಯ ಒಂದೊಂದು ಭಾಗ ಬಿಡಿಸುವ ಒಂದೊಂದು ಕಂಟ್ರ್ಯಾಕ್ಟರಿಗೆ ಒಂದೊಂದು ಕೋಣೆ. ಥೀಮ್ ಮಾಡಿದವರು ಯಾವ ಕೋಣೆ ಕಟ್ಟಿಲ್ಲವೋ ಆ ಭಾಗ ಬದಲಾಗುವುದಿಲ್ಲ. ಇಳಿಸಿಕೊಳ್ಳುವ ಮೊದಲು ನಿಮ್ಮ ಡೆಸ್ಕ್‌ಟಾಪಿನ ಕೋಣೆ ಅದರಲ್ಲಿದೆಯಾ ಅಂತ ನೋಡಿಕೊಂಡರೆ ಅರ್ಧ ತಲೆನೋವು ತಪ್ಪುತ್ತದೆ.

ಎಕ್ಸ್‌ಎಫ್‌ಡಬ್ಲ್ಯೂಎಂ ಕೋಣೆಗೆ ಹೋಗೋಣ. ಇವನೇ ಟೈಟಲ್ ಬಾರಿನವನು. ಇಲ್ಲಿ ಕೋಡ್ ಹೆಚ್ಚೇನಿಲ್ಲ, ಬರೀ ಪುಟ್ಟ ಪುಟ್ಟ ಚಿತ್ರಗಳು. ಮುಚ್ಚುವ ಬಟನ್ನಿಗೆ ವಿಂಡೋ ಎದುರಿಗಿದ್ದಾಗ ಒಂದು ಚಿತ್ರ, ಹಿಂದೆ ಸರಿದಾಗ ಒಂದು, ಒತ್ತಿದಾಗ ಒಂದು. ಟೈಟಲ್ ಪಟ್ಟಿಯನ್ನೇ ಒಂದರಿಂದ ಐದು ತುಂಡು ಮಾಡಿಟ್ಟಿದ್ದಾರೆ. ಹೆಸರು ಬರುವ ತುಂಡು ಉದ್ದಕ್ಕೆ ತಕ್ಕಂತೆ ಹಿಗ್ಗುತ್ತದೆ. ಗಿಂಪ್ ತೆರೆದು ಮುಚ್ಚುವ ಬಟನ್ನಿನ ಚಿತ್ರಕ್ಕೆ ಕುಂಕುಮದ ಬಣ್ಣ ಹಚ್ಚಿ ಉಳಿಸಿದರೆ ನಿಮ್ಮ ಮೊದಲ ಥೀಮ್ ಬದಲಾವಣೆ ಮುಗಿಯಿತು. ಹೈಸ್ಕೂಲ್ ಮಕ್ಕಳೂ ಮಾಡಬಹುದು, ನಾನು ಮಾಡಿಸಿದ್ದೇನೆ.

ಚಿತ್ರಗಳು ಅಂದೆನಲ್ಲ, ಅದರಲ್ಲೇ ಒಂದು ಸಿಕ್ಕೂ ಇದೆ. ಅಪ್ಪನಿಗೆ ಒಳ್ಳೆ ಪರದೆಯಿರುವ ಹೊಸ ಲ್ಯಾಪ್‌ಟಾಪ್ ತಂದುಕೊಟ್ಟೆ. ಪರದೆ ಚಿಕ್ಕದು, ಪಿಕ್ಸೆಲ್ ಜಾಸ್ತಿ. ಅಕ್ಷರವನ್ನೆಲ್ಲ ದೊಡ್ಡದು ಮಾಡಿಕೊಟ್ಟೆ. ಎರಡು ದಿನ ಬಿಟ್ಟು ಫೋನ್: "ಲೋ, ಇದನ್ನ ಮುಚ್ಚೋದು ಹೆಂಗೋ? ಗುಂಡುಸೂಜಿ ತಲೆಯಷ್ಟು ಇದೆ ಅದು." ಟೈಟಲ್ ಬಾರಿನ ಚಿತ್ರಗಳು ಇಷ್ಟೇ ಪಿಕ್ಸೆಲ್ ಅಂತ ಗೊತ್ತುಮಾಡಿ ಬರೆದವು. ಅಕ್ಷರ ಹಿಗ್ಗಿಸಿದರೆ ಅವು ಹಿಗ್ಗುವುದಿಲ್ಲ. ಅದಕ್ಕೇ ಎಕ್ಸ್‌ಎಫ್‌ಸಿಇ ಜೊತೆಗೆ ಡೀಫಾಲ್ಟ್ ಥೀಮಿನ ಎಚ್‌ಡಿಪಿಐ, ಎಕ್ಸ್‌ಎಚ್‌ಡಿಪಿಐ ಅನ್ನುವ ದೊಡ್ಡ ಅಳತೆಯ ರೂಪಗಳೂ ಬರುತ್ತವೆ. ಚೆಂದದಲ್ಲಿ ಅವು ಸಾಧಾರಣ. ಅಪ್ಪನಿಗೆ ಅದನ್ನೇ ಹಾಕಿಕೊಟ್ಟೆ, ಖುಷಿಯಾಗಿದ್ದಾರೆ.

ಮುಂದಿನ ಕೋಣೆ ಜಿಟಿಕೆ 3. ಇಲ್ಲಿರುವುದು ಸಿಎಸ್‌ಎಸ್. ವೆಬ್ ಪುಟ ಮಾಡಿದವರಿಗೆ ಇದು ಹಳೇ ಪರಿಚಯ. ಬಟನ್ನಿಗೆ ಈ ಬಣ್ಣ, ಮೂಲೆ ಇಷ್ಟು ದುಂಡಗೆ, ಅಂಚು ಇಷ್ಟು ದಪ್ಪ ಅಂತ ಬರೆದಿರುತ್ತದೆ. ಕಿರಿಕಿರಿ ಮಾಡುವುದು ಒಂದು ಸಣ್ಣ ವಿಷಯ ಮಾತ್ರ ಆಗಿದ್ದರೆ ಇಡೀ ಥೀಮ್ ಬದಲಿಸಬೇಕಿಲ್ಲ. ನನಗೆ ತಲೆಗೂದಲಿನಷ್ಟು ತೆಳ್ಳಗಿನ ಸ್ಕ್ರೋಲ್ ಬಾರ್ ಕಂಡರೆ ಆಗುವುದಿಲ್ಲ. ಹೋಮ್ ಫೋಲ್ಡರಿನ ಕಾನ್ಫಿಗ್ ಒಳಗೆ ಜಿಟಿಕೆ 3ರ ಫೋಲ್ಡರಿನಲ್ಲಿ ನನ್ನದೇ ಒಂದು ಸಿಎಸ್‌ಎಸ್ ಫೈಲ್ ಇಟ್ಟು, ಸ್ಕ್ರೋಲ್ ಬಾರಿನ ಸ್ಲೈಡರ್ ಕನಿಷ್ಠ 14 ಪಿಕ್ಸೆಲ್ ಅಗಲ ಇರಬೇಕು ಅಂತ ಒಂದೇ ಸಾಲು ಬರೆದಿದ್ದೇನೆ. ಥೀಮ್ ಯಾವುದೇ ಬರಲಿ, ಹೋಗಲಿ, ನನ್ನ ಸಾಲು ಅದರ ಮೇಲೆ ಕೂರುತ್ತದೆ.

ಯಾವುದಕ್ಕೆ ಏನು ಹೆಸರು ಅಂತ ಹೇಗೆ ತಿಳಿಯುವುದು? ಜಿಟಿಕೆ ಇನ್‌ಸ್ಪೆಕ್ಟರ್ ಅಂತ ಇದೆ. ಒಮ್ಮೆ ಅದನ್ನು ಚಾಲೂ ಮಾಡಿಟ್ಟರೆ, ಪ್ರೋಗ್ರಾಮ್ ತೆರೆದಿರುವಾಗ ಕಂಟ್ರೋಲ್, ಶಿಫ್ಟ್, ಡಿ ಒತ್ತಿದರೆ ಬರುತ್ತದೆ. ಬ್ರೌಸರಿನ ಇನ್‌ಸ್ಪೆಕ್ಟರ್ ಇದ್ದ ಹಾಗೆಯೇ. ಅಲ್ಲೇ ಸಿಎಸ್‌ಎಸ್ ಬರೆದರೆ ಕಣ್ಣೆದುರೇ ಬದಲಾಗುತ್ತದೆ, ಮುಚ್ಚಿದರೆ ಹೋಗುತ್ತದೆ. ಅಲ್ಲಿ ಆಟವಾಡಿ, ಸರಿ ಅನಿಸಿದ್ದನ್ನು ಮಾತ್ರ ಫೈಲಿಗೆ ಹಾಕಿ. ಹಾಕಿದ ಮೇಲೆ ಏನೋ ಎಡವಟ್ಟಾಗಿ ಮೆನುವೇ ಕಾಣದಂತಾದರೆ ಹೆದರಬೇಡಿ. ಕಂಟ್ರೋಲ್, ಆಲ್ಟ್, ಎಫ್ 3 ಒತ್ತಿದರೆ ಬರೀ ಅಕ್ಷರದ ಪರದೆ ಬರುತ್ತದೆ. ಲಾಗಿನ್ ಆಗಿ ಆ ಫೈಲಿನ ಹೆಸರು ಬದಲಿಸಿ, ಮತ್ತೆ ಡೆಸ್ಕ್‌ಟಾಪಿಗೆ ಲಾಗಿನ್ ಆಗಿ. ಎಲ್ಲ ಮೊದಲಿನಂತೆ.

ಈಗ ನನಗೆ ತುಂಬ ಇಷ್ಟದ ಕಂಟ್ರ್ಯಾಕ್ಟರ್, ಐಕಾನಿನವನು.

ಪ್ಯಾಪಿರಸ್, ನ್ಯೂಮಿಕ್ಸ್ ಮುಂತಾದ ಐಕಾನ್ ಥೀಮುಗಳ ಹೆಸರು ಕೇಳಿರುತ್ತೀರಿ. ಸಾವಿರಾರು ಚಿತ್ರ ಇರುತ್ತವೆ. ಇಷ್ಟೊಂದು ಯಾರು ಬಿಡಿಸುತ್ತಾರೆ, ನಮ್ಮಿಂದ ಆಗುವುದಲ್ಲ ಅಂತ ನಾವು ಸುಮ್ನೆ ಕೂತುಬಿಡುತ್ತೇವೆ. ಆದರೆ ಐಕಾನ್ ಥೀಮಿಗೆ ಬಿಡಿಸಬೇಕಾದ ಕನಿಷ್ಠ ಚಿತ್ರ ಎಷ್ಟು ಗೊತ್ತಾ? ಒಂದು. ಯಾಕೆಂದರೆ ಇಲ್ಲಿ ಒಂದು ಒಪ್ಪಂದ ಇದೆ. ಎಲ್ಲ ಡೆಸ್ಕ್‌ಟಾಪಿನವರೂ ಕೂತು ಐಕಾನುಗಳಿಗೆ ಒಂದೇ ಹೆಸರಿಡೋಣ ಅಂತ ಮಾಡಿಕೊಂಡದ್ದು. ಫೋಲ್ಡರಿಗೆ 'ಫೋಲ್ಡರ್', ಕಸದ ಬುಟ್ಟಿಗೆ 'ಯೂಸರ್-ಟ್ರ್ಯಾಶ್'. ಇನ್ನೊಂದು ಮಾತು, ಥೀಮಿನಲ್ಲಿ ಒಂದು ಐಕಾನ್ ಸಿಗದಿದ್ದರೆ ಅದರ ಅಪ್ಪನ ಮನೆಯಲ್ಲಿ ಹುಡುಕು. ಅಲ್ಲೂ ಇಲ್ಲದಿದ್ದರೆ ಕೊನೆಗೆ ಹೈಕಲರ್ ಅನ್ನುವ ಎಲ್ಲರ ಉಗ್ರಾಣದಲ್ಲಿ ನೋಡು. ಅಪ್ಪ ಯಾರು ಅಂತ ಥೀಮಿನ ಒಳಗಿನ 'ಇಂಡೆಕ್ಸ್ ಡಾಟ್ ಥೀಮ್' ಫೈಲಿನಲ್ಲಿ 'ಇನ್‌ಹೆರಿಟ್ಸ್' ಅನ್ನುವ ಸಾಲಿನಲ್ಲಿ ಬರೆದಿರುತ್ತದೆ.

ನಾನು ಒಂದು ಸಲ ಕಾಲೇಜು ಹುಡುಗರಿಗೆ ಇದನ್ನು ಹೇಳಿಕೊಡುತ್ತಿದ್ದೆ. ಒಬ್ಬಳು ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಕಸ ಎತ್ತುವ ಮೊರ ಬಿಡಿಸಿದಳು. ಬಿದಿರಿನ ಹೆಣಿಗೆ ಸಮೇತ, ಎಷ್ಟು ಚೆನ್ನಾಗಿತ್ತು ಅಂದರೆ ಎಲ್ಲ ಎದ್ದು ಬಂದು ನೋಡಿದರು. ಐಕಾನ್ಸ್ ಫೋಲ್ಡರಿನಲ್ಲಿ 'ನಮ್ಮೂರು' ಅಂತ ಒಂದು ಫೋಲ್ಡರ್ ಮಾಡಿದೆವು. ಅದರೊಳಗೆ ಅಳತೆಯ ಫೋಲ್ಡರ್, ಅದರೊಳಗೆ ಮೊರ, ಹೆಸರು ಯೂಸರ್-ಟ್ರ್ಯಾಶ್. ಇಂಡೆಕ್ಸ್ ಫೈಲಿನಲ್ಲಿ ಆರೇಳು ಸಾಲು, ಅಪ್ಪನ ಹೆಸರು ಪ್ಯಾಪಿರಸ್. ಸೆಟ್ಟಿಂಗ್ಸ್ ಪಟ್ಟಿಯಲ್ಲಿ 'ನಮ್ಮೂರು' ಅಂತ ಬಂತು. ಒತ್ತಿದೆವು. ಕಸದ ಬುಟ್ಟಿಯ ಜಾಗದಲ್ಲಿ ಮೊರ! ಉಳಿದದ್ದೆಲ್ಲ ಪ್ಯಾಪಿರಸ್. ಚಪ್ಪಾಳೆಯೋ ಚಪ್ಪಾಳೆ. ಅಷ್ಟರಲ್ಲಿ ಯಾರೋ ಒಬ್ಬ ಬೇಡದ ಫೈಲೊಂದನ್ನು ಅಳಿಸಿದ. ಮೊರ ಮಾಯ, ಹಳೇ ಬುಟ್ಟಿ ವಾಪಸ್. ಹುಡುಗಿಯ ಮುಖ ಸಪ್ಪಗಾಯಿತು. ನನಗೂ ಎರಡು ನಿಮಿಷ ತಲೆ ಓಡಲಿಲ್ಲ. ಆಮೇಲೆ ಹೊಳೆಯಿತು: ಖಾಲಿ ಬುಟ್ಟಿಗೆ ಒಂದು ಹೆಸರು, ತುಂಬಿದ ಬುಟ್ಟಿಗೆ ಇನ್ನೊಂದು, 'ಯೂಸರ್-ಟ್ರ್ಯಾಶ್-ಫುಲ್'. ನಮ್ಮ ಹತ್ತಿರ ತುಂಬಿದ ಮೊರ ಇರಲಿಲ್ಲ, ಅದಕ್ಕೇ ಅದು ಅಪ್ಪನ ಮನೆಗೆ ಓಡಿತ್ತು. ಆಕೆ ಅಲ್ಲೇ ಕೂತು ಮೊರದ ಮೇಲೆ ನಾಲ್ಕು ಒಣ ಎಲೆ ಬಿಡಿಸಿ ಎರಡನೇ ಚಿತ್ರ ಮಾಡಿದಳು. ನಿಜ ಹೇಳಬೇಕೆಂದರೆ, ನಾನು ಪಾಠ ಮಾಡಿದ್ದಕ್ಕಿಂತ ಆ ಎಡವಟ್ಟಿನಿಂದ ಅವರಿಗೆ ಜಾಸ್ತಿ ಅರ್ಥವಾಯಿತು.

ಒಂದು ಎಚ್ಚರಿಕೆ. ಹೊಸ ಐಕಾನ್ ಹಾಕಿದರೂ ಹಳೆಯದೇ ಕಾಣುತ್ತಿದ್ದರೆ ನಿಮ್ಮ ಚಿತ್ರದಲ್ಲಿ ತಪ್ಪು ಹುಡುಕುತ್ತಾ ಕೂರಬೇಡಿ. ಥೀಮ್ ಫೋಲ್ಡರಿನಲ್ಲಿ ಕ್ಯಾಶ್ ಫೈಲ್ ಇರಬಹುದು, ಅದು ಹಳೇ ಪಟ್ಟಿಯನ್ನೇ ಓದಿ ಹೇಳುತ್ತಿರುತ್ತದೆ. ಅದನ್ನು ಅಳಿಸಿ ಅಥವಾ ಹೊಸದಾಗಿ ಮಾಡಿಸಿ.

ಮೌಸ್ ಬಾಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದೂ ಐಕಾನ್ ಫೋಲ್ಡರಿನಲ್ಲೇ ಇರುತ್ತದೆ. ಕಣ್ಣು ಮಂಜಾದ ಹಿರಿಯರು ಮನೆಯಲ್ಲಿದ್ದರೆ ಬಾಣದ ಅಳತೆಯನ್ನು 24ರಿಂದ 48ಕ್ಕೆ ಏರಿಸಿಕೊಡಿ. ಅವರಿಗೆ ನೀವು ಮಾಡಬಹುದಾದ ಅತಿ ದೊಡ್ಡ ಉಪಕಾರ ಅದು. ಕೆಲವು ಪ್ರೋಗ್ರಾಮಿನ ಮೇಲೆ ಹೋದಾಗ ಮಾತ್ರ ಬಾಣ ಬದಲಾಗುತ್ತಿದ್ದರೆ, ಅದು ಫ್ಲ್ಯಾಟ್‌ಪ್ಯಾಕ್ ಅಥವಾ ಸ್ನ್ಯಾಪ್ ಅನ್ನುವ ಪೊಟ್ಟಣದಲ್ಲಿ ಬಂದ ಪ್ರೋಗ್ರಾಮ್ ಆಗಿರುವ ಸಾಧ್ಯತೆ ಹೆಚ್ಚು. ಅವು ತಮ್ಮದೇ ಡಬ್ಬಿಯೊಳಗೆ ಕೂತಿರುತ್ತವೆ, ನಿಮ್ಮ ಹೋಮ್ ಫೋಲ್ಡರಿನ ಥೀಮ್ ಅವುಗಳ ಕಣ್ಣಿಗೆ ಬೀಳುವುದಿಲ್ಲ. ಫ್ಲ್ಯಾಟ್‌ಪ್ಯಾಕಿಗೆ ಹೆಸರಾದ ಜಿಟಿಕೆ ಥೀಮುಗಳನ್ನು ಬೇರೆಯಾಗಿಯೇ ಇನ್‌ಸ್ಟಾಲ್ ಮಾಡಬೇಕು.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ: ಕನ್ನಡ ಅಕ್ಷರ. ಪರದೆಯ ಮೇಲೆ ನೀವು ದಿನವಿಡೀ ನೋಡುವುದು ಐಕಾನ್ ಅಲ್ಲ, ಬಟನ್ ಅಲ್ಲ, ಅಕ್ಷರ. ನೋಟ ಬದಲಿಸಬೇಕು ಅಂದವರಿಗೆ ಮೊದಲು ಫಾಂಟ್ ಬದಲಿಸಿ ನೋಡಿ ಅಂತಲೇ ಹೇಳುತ್ತೇನೆ.

ಇಲ್ಲಿ ಒಂದು ಗುಟ್ಟಿದೆ. ಸೆಟ್ಟಿಂಗ್ಸ್‌ನಲ್ಲಿ ನೀವು ಆರಿಸುವ ಫಾಂಟ್ ಸಾಮಾನ್ಯವಾಗಿ ಇಂಗ್ಲಿಷಿನದು. ಅದರಲ್ಲಿ ಕನ್ನಡ ಇರುವುದಿಲ್ಲ. ಹಾಗಾದರೆ ಕನ್ನಡ ಕಾಣುವುದು ಹೇಗೆ? ಒಳಗೆ ಫಾಂಟ್‌ಕಾನ್ಫಿಗ್ ಅಂತ ಒಬ್ಬ ಇದ್ದಾನೆ. ಈ ಅಕ್ಷರ ಯಾರ ಹತ್ತಿರ ಇದೆ ಅಂತ ಹುಡುಕಿ ಕೊಡುವುದು ಅವನ ಕೆಲಸ. ಅವನಿಗೆ ಮೊದಲು ಯಾರು ಸಿಗುತ್ತಾರೋ ಅವರು. ಲೋಹಿತ್ ಅನ್ನುವ ಫಾಂಟ್ ಇರಬಹುದು, ನೋಟೊ ಇರಬಹುದು. ಇಂಗ್ಲಿಷ್ ತೆಳ್ಳಗೆ, ಕನ್ನಡ ದಪ್ಪಗೆ, ಎರಡೂ ಒಂದೇ ಮೆನುವಿನಲ್ಲಿ ಎತ್ತು ಕೋಣ ಹೂಡಿದ ಹಾಗೆ ಕಾಣುವುದು ಇದರಿಂದಲೇ. ಎಫ್‌ಸಿ-ಮ್ಯಾಚ್ ಅನ್ನುವ ಆದೇಶ ಕೊಟ್ಟು ಕೇಳಿದರೆ ಈಗ ಕನ್ನಡಕ್ಕೆ ಯಾವುದು ಬರುತ್ತಿದೆ ಅಂತ ಹೇಳುತ್ತದೆ. ಬೇರೆ ಬೇಕಾದರೆ ಫಾಂಟ್‌ಕಾನ್ಫಿಗ್ ಫೈಲಿನಲ್ಲಿ ಮೊದಲು ಇದು, ಆಮೇಲೆ ಅದು ಅಂತ ಸರದಿ ಬರೆದಿಡಬೇಕು. ಡೆಬಿಯನ್, ಉಬುಂಟು ಡಿಸ್ಟ್ರೋಗಳ ತಂತ್ರಾಂಶ ಭಂಡಾರದಲ್ಲೇ ಗುಬ್ಬಿ ಅಂತ ಒಂದು ಕನ್ನಡ ಫಾಂಟ್ ಇದೆ, ನವಿಲು ಅಂತ ಕೈಬರಹದ ಧಾಟಿಯ ಇನ್ನೊಂದಿದೆ. ನವಿಲನ್ನು ಮೆನುವಿಗೆ ಹಾಕಬೇಡಿ, ಓದಲು ಕಷ್ಟ. ಸ್ಟಿಕಿ ನೋಟ್ಸ್‌ಗೆ ಹಾಕಿ, ಮುದ್ದಾಗಿರುತ್ತದೆ.

ಇನ್ನೊಂದು ಸಮಸ್ಯೆ ನಮ್ಮ ಒತ್ತಕ್ಷರದ್ದು. ಬಹಳಷ್ಟು ಥೀಮ್ ಮಾಡುವವರು ಇಂಗ್ಲಿಷ್ ಅಕ್ಷರ ನೋಡಿಕೊಂಡು ಎತ್ತರ ನಿಗದಿ ಮಾಡುತ್ತಾರೆ. ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಇಳಿಯುವುದು ಸ್ವಲ್ಪವೇ. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು. ಪರದೆಯ ಅಂಚಿನ ಪಟ್ಟಿ, ಅಂದರೆ ಪ್ಯಾನೆಲ್, 24 ಪಿಕ್ಸೆಲ್ ಇಟ್ಟು ಅಕ್ಷರ ಸ್ವಲ್ಪ ದೊಡ್ಡದು ಮಾಡಿದರೆ ಕೆಳಗಿನದು ಕತ್ತರಿಸಿ ಹೋಗುತ್ತದೆ. ನಾನು ಪರೀಕ್ಷೆಗೆ ಅಂತಲೇ ಒಂದು ಫೋಲ್ಡರ್ ಇಟ್ಟುಕೊಂಡಿದ್ದೇನೆ, ಹೆಸರು 'ಕತ್ತೆ ಶಾಸ್ತ್ರ'. ಹೊಸ ಥೀಮ್ ಹಾಕಿದ ಕೂಡಲೇ ಆ ಫೋಲ್ಡರ್ ತೆರೆದು ಟೈಟಲ್ ಬಾರ್ ನೋಡುತ್ತೇನೆ, ಪ್ಯಾನೆಲ್ ನೋಡುತ್ತೇನೆ. ಕತ್ತೆ ಹೋಗಿ 'ಕತೆ' ಆಗಿದ್ದರೆ ಆ ಥೀಮ್ ನಮಗಲ್ಲ. ಇಲ್ಲವೇ ಪ್ಯಾನೆಲನ್ನು 30 ಪಿಕ್ಸೆಲಿಗೆ ಏರಿಸಬೇಕು. ನೋಟೊ ಸ್ಯಾನ್ಸ್ ಕನ್ನಡದಲ್ಲಿ ಹೆಸರಿನ ಕೊನೆಗೆ ಯುಐ ಅಂತ ಇರುವ ಒಂದು ರೂಪ ಇದೆ, ಅದನ್ನು ಇಂಥ ಇಕ್ಕಟ್ಟಿನ ಜಾಗಕ್ಕೆಂದೇ ಮಾಡಿದ್ದು.

ಇದೇ ಮಾತಿಗೆ ಒಂದು ಪ್ರಸಂಗ. ನಮ್ಮ ಪರಿಚಯದವರೊಬ್ಬರು ಹಳೇ ಡಿಟಿಪಿ ಫಾಂಟೊಂದನ್ನು ಲಿನಕ್ಸಿಗೆ ಹಾಕಿಕೊಂಡು, ಕನ್ನಡ ಚೆನ್ನಾಗಿ ಕಾಣಲಿ ಅಂತ ಅದನ್ನೇ ಇಡೀ ಡೆಸ್ಕ್‌ಟಾಪಿಗೆ ಆರಿಸಿಬಿಟ್ಟರು. ಯೂನಿಕೋಡ್ ಬರುವ ಮೊದಲಿನ ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಒತ್ತಿದ್ದೇ ತಡ, ಮೆನುವಿನ ಇಂಗ್ಲಿಷೆಲ್ಲ ಅರ್ಥವಿಲ್ಲದ ಕನ್ನಡವಾಯಿತು. ಕೊಂಬು, ದೀರ್ಘ, ಒತ್ತು ಎಲ್ಲ ಕಲಸಿಟ್ಟ ಚಿತ್ರಾನ್ನ. ವಾಪಸ್ ಹೋಗೋಣ ಅಂದರೆ ಸೆಟ್ಟಿಂಗ್ಸ್ ಎಲ್ಲಿದೆ ಅಂತ ಓದಲೂ ಬರುತ್ತಿಲ್ಲ. ಫೋನಿನಲ್ಲಿ ನಾನು ನನ್ನ ಪರದೆ ನೋಡಿಕೊಂಡು, ಮೇಲಿಂದ ನಾಲ್ಕನೆಯದು ಒತ್ತಿ, ಈಗ ಎಡದಿಂದ ಮೂರನೆಯದು ಅಂತ ಕಣ್ಣು ಕಟ್ಟಿದವರಿಗೆ ದಾರಿ ಹೇಳಿದ ಹಾಗೆ ಹೇಳಬೇಕಾಯಿತು.

ಕಪ್ಪು ಥೀಮಿನ ಬಗ್ಗೆ ಎಲ್ಲರೂ ಕೇಳುತ್ತೀರಿ. ರಾತ್ರಿ ಹೊತ್ತು ನನಗೂ ಇಷ್ಟ. ಆದರೆ ಅದು ಎಲ್ಲರ ಕಣ್ಣಿಗೂ ಒಳ್ಳೆಯದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಪ್ಪನಿಗೆ ಪೊರೆ ಬಂದಿದ್ದಾಗ ಕಪ್ಪಿನ ಮೇಲಿನ ಬಿಳಿ ಅಕ್ಷರ ಅವರಿಗೆ ದೀಪದ ಸುತ್ತ ಮಂಜು ಕವಿದ ಹಾಗೆ ಹರಡಿಕೊಂಡು ಕಾಣುತ್ತಿತ್ತು. ಬಿಳಿಯ ಮೇಲೆ ಕಪ್ಪು ಹಾಕಿಕೊಟ್ಟ ಮೇಲೆ ಓದಿದರು. ಇನ್ನು ಫೋಟೋದಲ್ಲಿ ಭಾರಿ ಚೆಂದ ಕಾಣುವ ಥೀಮುಗಳಿವೆಯಲ್ಲ, ಬೂದಿಯ ಮೇಲೆ ಬೂದಿ ಅಕ್ಷರ, ಅವನ್ನು ಹತ್ತಿರಕ್ಕೂ ಸೇರಿಸಬೇಡಿ. ವೆಬ್ ಪುಟಗಳಿಗೆ ಒಂದು ಮಾನದಂಡ ಇದೆ, ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅಂತರ ಕನಿಷ್ಠ 4.5:1 ಇರಬೇಕು ಅಂತ. ಡೆಸ್ಕ್‌ಟಾಪಿಗೂ ಅದನ್ನೇ ಹಿಡಿದುಕೊಳ್ಳಿ. ಒಮ್ಮೆ ನಾನು ಕಪ್ಪು ಥೀಮ್ ಹಾಕಿಕೊಂಡು ಆನ್‌ಲೈನ್ ಅರ್ಜಿ ತುಂಬುತ್ತಿದ್ದೆ. ಪುಟದವರು ಅರ್ಜಿಯ ಚೌಕಕ್ಕೆ ಬಿಳಿ ಹಿನ್ನೆಲೆ ಕೊಟ್ಟಿದ್ದರು, ಅಕ್ಷರದ ಬಣ್ಣ ಹೇಳಿರಲಿಲ್ಲ. ಬ್ರೌಸರ್ ಅಕ್ಷರದ ಬಣ್ಣವನ್ನು ನನ್ನ ಥೀಮಿನಿಂದ ತಂದಿತು. ಬಿಳಿಯ ಮೇಲೆ ಬಿಳಿ. ಹೆಸರು, ವಿಳಾಸ ಎಲ್ಲ ಅಂದಾಜಿನ ಮೇಲೆ ತುಂಬಿದೆ. ಇಲ್ಲೂ ಅದೇ, ಇಬ್ಬರು ಕಂಟ್ರ್ಯಾಕ್ಟರು ಒಬ್ಬರಿಗೊಬ್ಬರು ಮಾತಾಡಿಕೊಂಡಿಲ್ಲ.

ಈ ಜಗಳ ದೊಡ್ಡ ಮಟ್ಟದಲ್ಲೂ ನಡೆದಿದೆ. 2016ರಲ್ಲಿ ಬಂದ ಜಿಟಿಕೆ 3.20ರಲ್ಲಿ ಸಿಎಸ್‌ಎಸ್ ಹೆಸರುಗಳೇ ಬದಲಾದವು, ಆವರೆಗಿನ ಥೀಮುಗಳು ಸಾಲುಸಾಲಾಗಿ ಮುರಿದುಬಿದ್ದವು. 2019ರಲ್ಲಿ ಗ್ನೋಮ್ ಆ್ಯಪ್ ಬರೆಯುವ ಕೆಲವರು ಬಹಿರಂಗ ಪತ್ರ ಬರೆದರು, ದಯವಿಟ್ಟು ನಮ್ಮ ಆ್ಯಪ್‌ಗಳಿಗೆ ಥೀಮ್ ಹಾಕಬೇಡಿ ಅಂತ. ಅವರ ಸಿಟ್ಟು ನಿಮ್ಮ ನಮ್ಮ ಮೇಲಲ್ಲ. ತಮ್ಮದೇ ಥೀಮನ್ನು ಮೊದಲೇ ಹಾಕಿ ಹಂಚುವ ಡಿಸ್ಟ್ರೋಗಳ ಮೇಲೆ. ಥೀಮಿನಿಂದ ಬಟನ್ ಮಾಯವಾದರೆ ಬಳಸುವವರು ಬೈಯುವುದು ಆ್ಯಪ್ ಬರೆದವರನ್ನು ತಾನೆ? 2021ರ ಕೊನೆಗೆ ಗ್ನೋಮ್ ಆ್ಯಪ್ ಬರೆಯಲು ಲಿಬ್‌ಅಡ್ವೈಟ ಎಂಬ ಲೈಬ್ರರಿ ಬಂತು. ಅದರಲ್ಲಿ ಬರೆದ ಆ್ಯಪ್‌ಗಳು ಸೆಟ್ಟಿಂಗ್ಸ್‌ನಲ್ಲಿ ನೀವು ಆರಿಸಿದ ಜಿಟಿಕೆ ಥೀಮನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಿಳಿ ಬೇಕಾ, ಕಪ್ಪು ಬೇಕಾ, ಮೊದಲಿಗೆ ಅಷ್ಟೇ ಆಯ್ಕೆ ಇತ್ತು. 2024ರ ಗ್ನೋಮ್ 47ರಲ್ಲಿ ಬಟನ್ ಮುಂತಾದವನ್ನು ಎದ್ದು ಕಾಣಿಸುವ ಬಣ್ಣವನ್ನು ಆರಿಸಲು ಬಿಟ್ಟರು, ಒಟ್ಟು 9 ಬಣ್ಣ. ಇತ್ತ ಮಿಂಟ್‌ನವರು ಅದೇ ವರ್ಷ 22ನೇ ಆವೃತ್ತಿಯಲ್ಲಿ ಕ್ಯಾಲ್ಕ್ಯುಲೇಟರ್ ಮೊದಲಾದ ಕೆಲವನ್ನು ಹಳೇ ಜಿಟಿಕೆ 3ರ ಆವೃತ್ತಿಗೇ ವಾಪಸ್ ಒಯ್ದರು, ಥೀಮ್ ಹತ್ತಲಿ ಅಂತ.

ನಾನು ಯಾರ ಕಡೆ? ಆ್ಯಪ್ ಬರೆಯುವವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ನನ್ನ ಮನೆಯ ಗೋಡೆಗೆ ನಾನು ಯಾವ ಸುಣ್ಣ ಬಳಿಯಬೇಕು ಅಂತ ಮೇಸ್ತ್ರಿ ಹೇಳಿದರೆ ನಾನು ಕೇಳುವುದಿಲ್ಲ. ಅದಕ್ಕೇ ನಾನು ಎಕ್ಸ್‌ಎಫ್‌ಸಿಇಯಲ್ಲಿ ಉಳಿದಿರುವುದು. ಗ್ನೋಮ್ ಬಳಸುವವರು ಅದರ ನೋಟವನ್ನು ಒಪ್ಪಿಕೊಂಡು, ಹಿನ್ನೆಲೆ ಚಿತ್ರ, ಫಾಂಟ್, ಐಕಾನ್ ಇಷ್ಟನ್ನು ಬದಲಿಸಿಕೊಂಡು ನೆಮ್ಮದಿಯಾಗಿರುವುದು ಒಳ್ಳೆಯದು.

ಕೆಡಿಇಯವರ ಈಗಿನ ಡೆಸ್ಕ್‌ಟಾಪ್ ಪ್ಲಾಸ್ಮಾದಲ್ಲಿ ಇದರ ಉಲ್ಟಾ. ಅಲ್ಲಿ ಗ್ಲೋಬಲ್ ಥೀಮ್ ಅಂತ ಇದೆ, ಎಲ್ಲ ಕಂಟ್ರ್ಯಾಕ್ಟರಿಗೂ ಒಬ್ಬನೇ ಮೇನೇಜರ್. ಒಂದು ಒತ್ತು, ಎಲ್ಲ ಬದಲು. ಅನುಕೂಲವೇ. ಆದರೆ ಗ್ಲೋಬಲ್ ಥೀಮ್ ಬರೀ ಬಣ್ಣ ಅಲ್ಲ, ಅದರೊಳಗೆ ಓಡುವ ಕೋಡ್ ಇರಬಹುದು. 2024ರ ಮಾರ್ಚಿನಲ್ಲಿ ಒಬ್ಬರು ಹೀಗೆ ಒಂದು ಗ್ಲೋಬಲ್ ಥೀಮ್ ಹಾಕಿಕೊಂಡರು, ಅವರ ಫೈಲುಗಳೆಲ್ಲ ಅಳಿಸಿಹೋದವು. ಬೇಕಂತ ಮಾಡಿದ್ದಲ್ಲ, ಕೋಡಿನ ತಪ್ಪು. ಕೆಡಿಇಯವರೇ ಹುಷಾರಾಗಿರಿ ಅಂತ ಎಚ್ಚರಿಸಿದರು. 2009ರಲ್ಲಿ ಇನ್ನೂ ಕೆಟ್ಟದ್ದು ಆಗಿತ್ತು: ಜಲಪಾತದ ಸ್ಕ್ರೀನ್‌ಸೇವರ್ ಅಂತ ಹಾಕಿದ್ದ ಡೆಬ್ ಎಂಬ ಇನ್‌ಸ್ಟಾಲ್ ಕಟ್ಟಿನೊಳಗೆ ಬೇರೆಯವರ ಸರ್ವರ್ ಮೇಲೆ ದಾಳಿ ಮಾಡುವ ಸ್ಕ್ರಿಪ್ಟ್ ಇತ್ತು. ನಾನು ಪಾಲಿಸುವುದು ಇಷ್ಟು. ಚಿತ್ರ, ಸಿಎಸ್‌ಎಸ್, ಫಾಂಟ್ ಮಾತ್ರ ಇರುವ ಫೋಲ್ಡರ್ ಆದರೆ ಹಾಕಿಕೊಳ್ಳುತ್ತೇನೆ. ಇನ್‌ಸ್ಟಾಲ್ ಮಾಡಲು ಅಡ್ಮಿನ್ ಪಾಸ್‌ವರ್ಡ್ ಕೇಳುವ ಥೀಮ್ ಡಿಸ್ಟ್ರೋದ ಭಂಡಾರದಿಂದ ಬಂದಿದ್ದರೆ ಮಾತ್ರ ಕೊಡುತ್ತೇನೆ. ಹೊಸದೇನೋ ಪ್ರಯೋಗ ಮಾಡಬೇಕಾದರೆ ಬೇರೆ ಯೂಸರ್ ಖಾತೆ ಮಾಡಿಕೊಂಡು ಅಲ್ಲಿ ಕುಣಿಯುತ್ತೇನೆ. ಕೆಟ್ಟರೆ ಆ ಖಾತೆ ಅಳಿಸಿದರಾಯಿತು.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು. ಎಲ್ಲ ಬದಲಾಯಿತು ಸರ್, ಆದರೆ ಲಾಗಿನ್ ಪರದೆಗೆ ನಮ್ಮೂರಿನ ಕೆರೆಯ ಫೋಟೋ ಹಾಕಿದರೆ ಬರುತ್ತಿಲ್ಲ, ಬರೀ ಖಾಲಿ ಬಣ್ಣ ಕಾಣುತ್ತೆ ಅಂತ. ಒಳ್ಳೆ ಪ್ರಶ್ನೆ. ಫೋಟೋ ಎಲ್ಲಿಟ್ಟಿದ್ದೀರಿ? ಹೋಮ್ ಒಳಗಿನ ಪಿಕ್ಚರ್ಸ್‌ನಲ್ಲಿ, ಅಲ್ವಾ? ಲಾಗಿನ್ ಪರದೆ ತೋರಿಸುವವನೂ ಬೇರೆ ಕಂಟ್ರ್ಯಾಕ್ಟರೇ, ಲೈಟ್‌ಡಿಎಂ. ನೀವಿನ್ನೂ ಒಳಗೆ ಬಂದಿಲ್ಲ, ಹಾಗಾಗಿ ಅವನು ಓಡುವುದು ನಿಮ್ಮ ಹೆಸರಿನಲ್ಲಲ್ಲ, ತನ್ನದೇ ಖಾತೆಯಲ್ಲಿ. ನಿಮ್ಮ ಹೋಮ್ ಫೋಲ್ಡರಿನ ಬಾಗಿಲು ಅವನಿಗೆ ಮುಚ್ಚಿರುತ್ತದೆ. ಫೋಟೋವನ್ನು ಎಲ್ಲರೂ ಓದಬಹುದಾದ ಜಾಗಕ್ಕೆ, ಸಿಸ್ಟಮಿನ ಬ್ಯಾಕ್‌ಗ್ರೌಂಡ್ಸ್ ಫೋಲ್ಡರಿಗೆ ಹಾಕಿ, ಲಾಗಿನ್ ವಿಂಡೋ ಸೆಟ್ಟಿಂಗ್ಸ್‌ನಲ್ಲಿ ಅಲ್ಲಿಂದ ಆರಿಸಿ. ಅಲ್ಲಿಗೆ ಹಾಕುವಾಗ ಮಾತ್ರ ಪಾಸ್‌ವರ್ಡ್ ಕೇಳುತ್ತದೆ, ಕೊಡಿ, ಅದು ನಿಮ್ಮ ಕೆರೆ ತಾನೆ.